ಗೃಹಿಣಿಯ ದಿನಚರಿ: ಕ್ರಮವಿರಲಿ, ಬಿಗಿ ಬೇಡ

ಗಂಟೆ ನೋಡಿ ಹಾಕಿಕೊಂಡ ಕೆಲಸದ ಪಟ್ಟಿ ಮುರಿದಾಗ ಮನೆಯ ತಾಯಿ ತನ್ನನ್ನೇ ದೂರಿಕೊಳ್ಳುವುದುಂಟು. ಹಬ್ಬದ ಕಾಲದಲ್ಲಂತೂ ಇದು ಹೆಚ್ಚು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾ. ಜೋಕಿಂ ಮಿರಾಂದಾ ಆರಂಭಿಸಿದರೆನ್ನಲಾಗುವ ಮೊಂತಿ ಫೆಸ್ತ್‌ಗೆ ಆಗಸ್ಟ್ 30ರಿಂದಲೇ ನೊವೆನಾ. ಮಕ್ಕಳಿಗೆ ಹೂ ಕೊಯ್ದು ಕೊಡಬೇಕು, ಸೆಪ್ಟೆಂಬರ್ 8ರ ಹೊಸ ಅಕ್ಕಿಯ ಊಟಕ್ಕೆ ತಯಾರಿಯೂ ಆಗಬೇಕು.

ಆದ್ದರಿಂದ ಗಂಟೆಯ ಬದಲು ಕ್ರಮವನ್ನು ಹಿಡಿಯುವುದು ಲೇಸು. ಬೆಳಗಿನ ಪ್ರಾರ್ಥನೆ, ಒಂದು ಹೊತ್ತಾದರೂ ಒಟ್ಟಿಗೆ ಊಟ, ಸಂಜೆಯ ತೇರ್ಸ್: ಈ ಮೂರನ್ನು ಬಿಡಬಾರದು. ಉಳಿದ ಕೆಲಸಗಳು ಹಿಂದೆಮುಂದೆ ಆಗಲಿ.

* ಅಕ್ಕಿ ನೆನೆಹಾಕುವುದು, ಮಕ್ಕಳ ಸಮವಸ್ತ್ರ ತೆಗೆದಿಡುವುದು ಹಿಂದಿನ ರಾತ್ರಿಯೇ ಮುಗಿಯಲಿ.
* ಬೀಡಿ ಬ್ರಾಂಚಿಗೆ ಹೋಗುವ ದಿನ, ಹಿರಿಯರಿಗೆ ಜ್ವರ ಬಂದ ದಿನ ಒಂದೇ ಪದಾರ್ಥ ಸಾಕು. ನೆಲ ಒರೆಸುವುದು ನಾಳೆಗಿರಲಿ.
* ಮಳೆಗಾಲದಲ್ಲಿ ಬಿಸಿಲು ಕಂಡಾಗ ಬಟ್ಟೆಗೇ ಮೊದಲ ಸ್ಥಾನ.
* ಮಗು ತೂಕಡಿಸಿದರೆ ಅದರೊಂದಿಗೆ ಜಪಸರದ ಒಂದೇ ರಹಸ್ಯ ಹೇಳಿ ಮಲಗಿಸಿ.
* ಪಾತ್ರೆ ತೊಳೆಯುವುದು ಗಂಡ, ಗಂಡುಮಕ್ಕಳ ಕೆಲಸವೂ ಹೌದು.

ಸಂತ ಲೂಕರ ಶುಭಸಂದೇಶದಲ್ಲಿ (10:38-42) ಮಾರ್ತಾಳ ದುಡಿಮೆಯನ್ನು ಯೇಸು ಹಳಿಯಲಿಲ್ಲ, ಆಕೆಯ ಕಳವಳವನ್ನು ಎತ್ತಿ ತೋರಿಸಿದರು. ದಿನಕ್ಕೆ ಅರ್ಧ ಗಂಟೆ ಕುಳಿತು ದಣಿವಾರಿಸಿಕೊಳ್ಳುವುದೂ ದಿನಚರಿಯ ಭಾಗವೇ.