ಲಿಸ್ಬನ್ ಮಾರು: ಮುಚ್ಚಿದ ಹಡಗಿನಿಂದ ಹೊರಬಂದ ಸಾಕ್ಷ್ಯ

ಎರಡನೆಯ ಮಹಾಯುದ್ಧದ ಸೆರೆವಾಸದ ಕಥನಗಳಲ್ಲಿ ಪಾರಾಗುವಿಕೆ ಸಾಮಾನ್ಯವಾಗಿ ಒಬ್ಬ ಸೈನಿಕನ ಸಾಹಸವಾಗಿಯೇ ನಿರೂಪಿತವಾಗಿದೆ. ಮುಳ್ಳುತಂತಿಯ ಬೇಲಿ, ನೆಲದಡಿಯ ಸುರಂಗ, ವೇಷ ಮರೆಸಿಕೊಂಡು ಗಡಿ ದಾಟುವುದು ಆ ಕಥನಗಳ ಪರಿಚಿತ ಅಂಗಗಳು. ‘ಲಿಸ್ಬನ್ ಮಾರು’ ಎಂಬ ಜಪಾನೀ ಹಡಗಿನ ಪ್ರಸಂಗ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಅಲ್ಲಿ ಸೆರೆಯಿಂದ ಹೊರಬಂದವರು ನೂರಾರು ಮಂದಿ. ಅವರಲ್ಲಿ ಬಹುತೇಕರು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮತ್ತೆ ಸೆರೆಯಾದರು. ಕೊನೆಗೂ ಶತ್ರುವಿನ ಕೈಗೆ ಸಿಗದೆ ಉಳಿದವರು ಮೂವರು ಮಾತ್ರ. ಆದರೂ ಚರಿತ್ರೆಯ ದೃಷ್ಟಿಯಿಂದ ಇದು ಸೋತ ಪ್ರಯತ್ನವಲ್ಲ. ಹಾಗೇಕೆ ಎಂಬುದನ್ನು ಘಟನೆಗಳ ಕ್ರಮವೇ ತಿಳಿಸುತ್ತದೆ.

1941ರ ಡಿಸೆಂಬರ್ 8ರಂದು ಜಪಾನೀ ಸೇನೆ ಹಾಂಗ್‌ಕಾಂಗಿನ ಮೇಲೆ ದಾಳಿಯಿಟ್ಟಿತು. ಬ್ರಿಟಿಷ್ ಮತ್ತು ಕೆನಡಾದ ಪಡೆಗಳೊಂದಿಗೆ ಭಾರತೀಯ ಸೇನೆಯ ರಜಪೂತ ಹಾಗೂ ಪಂಜಾಬ್ ರೆಜಿಮೆಂಟುಗಳ ತುಕಡಿಗಳೂ ಹೋರಾಡಿದವು. ಡಿಸೆಂಬರ್ 25ರಂದು ನಗರ ಶರಣಾಯಿತು. ಶಾಮ್ ಶುಯಿ ಪೊ ಮೊದಲಾದ ಶಿಬಿರಗಳಲ್ಲಿ ಹಸಿವು, ಡಿಫ್ತೀರಿಯಾ, ಅತಿಸಾರಗಳಿಂದ ಬಂದಿಗಳು ಸಾಯತೊಡಗಿದರು. ಈ ನಡುವೆ ಜಪಾನಿನ ಹಡಗುಕಟ್ಟೆ, ಗಣಿ, ಕಾರ್ಖಾನೆಗಳಿಗೆ ಕೂಲಿಯಾಳುಗಳ ಕೊರತೆಯುಂಟಾಗಿ, ಯುದ್ಧಕೈದಿಗಳನ್ನು ಹಡಗುಗಳಲ್ಲಿ ತುಂಬಿ ಸಾಗಿಸುವ ಪದ್ಧತಿ ಆರಂಭವಾಯಿತು.

1942ರ ಸೆಪ್ಟೆಂಬರ್ 27ರಂದು ಲಿಸ್ಬನ್ ಮಾರು ಹಾಂಗ್‌ಕಾಂಗಿನಿಂದ ಹೊರಟಿತು. ಅದರ ಮೂರು ಸರಕುಕೋಣೆಗಳಲ್ಲಿ 1,800ಕ್ಕೂ ಹೆಚ್ಚು ಬ್ರಿಟಿಷ್ ಕೈದಿಗಳಿದ್ದರು. ಮೊದಲನೆಯದರಲ್ಲಿ ನೌಕಾಪಡೆಯವರು, ಎರಡನೆಯದರಲ್ಲಿ ರಾಯಲ್ ಸ್ಕಾಟ್ಸ್ ಮತ್ತು ಮಿಡ್ಲ್‌ಸೆಕ್ಸ್ ರೆಜಿಮೆಂಟಿನವರು, ಮೂರನೆಯದರಲ್ಲಿ ಫಿರಂಗಿದಳದವರು. ಮೇಲಟ್ಟದಲ್ಲಿ ತಾಯ್ನಾಡಿಗೆ ಮರಳುತ್ತಿದ್ದ 700ಕ್ಕೂ ಹೆಚ್ಚು ಜಪಾನೀ ಸೈನಿಕರಿದ್ದರು. ಹಡಗಿನಲ್ಲಿ ಯುದ್ಧಕೈದಿಗಳಿದ್ದಾರೆಂದು ಸೂಚಿಸುವ ಯಾವ ಗುರುತೂ ಅದರ ಮೇಲಿರಲಿಲ್ಲ. ಹೀಗಾಗಿ ಅಕ್ಟೋಬರ್ 1ರ ಬೆಳಿಗ್ಗೆ ಅದರ ಮೇಲೆ ಟಾರ್ಪೆಡೊ ಹಾರಿಸಿದ ಅಮೆರಿಕದ ಜಲಾಂತರ್ಗಾಮಿ ‘ಗ್ರೂಪರ್’ಗೆ ತಾನು ಮಿತ್ರಪಕ್ಷದ ಸೈನಿಕರನ್ನೇ ಮುಳುಗಿಸುತ್ತಿದ್ದೇನೆಂಬ ಅರಿವಿರಲಿಲ್ಲ.

ಏಟು ಬಿದ್ದರೂ ಹಡಗು ಕೂಡಲೇ ಮುಳುಗಲಿಲ್ಲ. ಜಪಾನೀ ಸೈನಿಕರನ್ನು ಬೇರೆ ಹಡಗುಗಳಿಗೆ ವರ್ಗಾಯಿಸಲಾಯಿತು. ಕೈದಿಗಳನ್ನು ಮಾತ್ರ ಕೆಳಗೇ ಉಳಿಸಿ, ಸಂಜೆಯ ವೇಳೆಗೆ ಸರಕುಕೋಣೆಗಳ ಬಾಯಿಗೆ ಹಲಗೆಗಳನ್ನು ಜೋಡಿಸಿ, ಮೇಲೆ ಟಾರ್ಪಾಲಿನ್ ಬಿಗಿಯಲಾಯಿತು. ಬೆಳಕಿಲ್ಲ, ಗಾಳಿಯಿಲ್ಲ, ಕುಡಿಯುವ ನೀರಿಲ್ಲ. ಮೂರನೆಯ ಕೋಣೆಗೆ ನೀರು ನುಗ್ಗುತ್ತಿತ್ತು. ಅಲ್ಲಿದ್ದವರು ಕತ್ತಲಲ್ಲಿ ಸರದಿಯ ಮೇಲೆ ಕೈಪಂಪು ಒತ್ತುತ್ತಿದ್ದರು. ಉಸಿರುಗಟ್ಟಿ ಒಬ್ಬ ಕುಸಿದಾಗ ಮತ್ತೊಬ್ಬ ಅವನ ಜಾಗಕ್ಕೆ ಬರುತ್ತಿದ್ದ. ಕೋಣೆಗಳ ನಡುವಿನ ಕಬ್ಬಿಣದ ಗೋಡೆಯನ್ನು ತಟ್ಟುವುದೊಂದೇ ಅವರ ನಡುವಿನ ಮಾತು.

ಮಾರನೆಯ ಬೆಳಿಗ್ಗೆ ಹಡಗು ವಾಲಿದಾಗ, ಕೈದಿಗಳ ಹಿರಿಯ ಅಧಿಕಾರಿಯಾಗಿದ್ದ ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟ್ ಅವರು ಹೊರಬರುವ ಪ್ರಯತ್ನಕ್ಕೆ ಅನುಮತಿ ಕೊಟ್ಟರು. ಎರಡನೆಯ ಕೋಣೆಯಲ್ಲಿ ಒಬ್ಬ ಅಧಿಕಾರಿ ಬಚ್ಚಿಟ್ಟಿದ್ದ ಚಾಕುವಿನಿಂದ ಟಾರ್ಪಾಲಿನ್ ಸೀಳಿ ಮೇಲೇರಿದರು. ಕಾವಲುಗಾರರು ಗುಂಡು ಹಾರಿಸಿದರು. ಹಡಗು ಹಿಂಬದಿಯಿಂದ ಮುಳುಗುತ್ತಿದ್ದಂತೆ ಸಾಧ್ಯವಾದವರೆಲ್ಲ ಕಡಲಿಗೆ ಹಾರಿದರು. ಮೂರನೆಯ ಕೋಣೆಯ ಏಣಿ ಮುರಿದುಬಿದ್ದುದರಿಂದ ಅಲ್ಲಿನ ಫಿರಂಗಿದಳದವರಲ್ಲಿ ಅನೇಕರು ಹೊರಬರಲಾಗಲಿಲ್ಲ. ನೀರಿಗೆ ಬಿದ್ದವರ ಮೇಲೂ ಸುತ್ತಲಿನ ಜಪಾನೀ ನೌಕೆಗಳಿಂದ ಗುಂಡುಗಳು ಬಂದವು. ಒಟ್ಟು 828 ಮಂದಿ ಸತ್ತರು.

ಈ ಘಟನೆಯ ತಿರುವು ಬಂದುದು ಯುದ್ಧಕ್ಕೆ ಸಂಬಂಧವೇ ಇಲ್ಲದ ಜನರಿಂದ. ಕಡಲಿನ ಸೆಳೆತ ಈಜುತ್ತಿದ್ದವರನ್ನು ಝೋಶಾನ್ ದ್ವೀಪಸಮೂಹದ ಡೊಂಗ್ಜಿ ದ್ವೀಪಗಳತ್ತ ಒಯ್ಯಿತು. ತೇಲಿಬರುತ್ತಿದ್ದ ಬಟ್ಟೆಯ ಸರಕು ಮೊದಲು ಕಣ್ಣಿಗೆ ಬಿತ್ತೆಂದೂ, ಅದರ ನಡುವೆ ಮನುಷ್ಯರು ಕಾಣಿಸಿದರೆಂದೂ ದ್ವೀಪವಾಸಿಗಳ ಬಾಯಿಮಾತಿನ ನೆನಪು. ಚೀನೀ ದಾಖಲೆಗಳ ಪ್ರಕಾರ 198 ಮೀನುಗಾರರು 46 ದೋಣಿಗಳಲ್ಲಿ 65 ಬಾರಿ ಕಡಲಿಗಿಳಿದು 384 ಮಂದಿಯನ್ನು ದಡಕ್ಕೆ ತಂದರು. ಜಪಾನೀ ಆಕ್ರಮಣದಡಿ ತಾವೇ ಬಡತನದಲ್ಲಿದ್ದವರು ತಮ್ಮ ಗೆಣಸು, ಗಂಜಿ, ಒಣಮೀನು, ಉಡುಬಟ್ಟೆಗಳನ್ನು ಹಂಚಿಕೊಂಡರು. ಜೈನ ಶಾಸ್ತ್ರಗಳು ಹೇಳುವ ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಆ ಪರಿಭಾಷೆಯನ್ನು ಅರಿಯದ, ಜೀವನೋಪಾಯಕ್ಕಾಗಿ ಬಲೆ ಬೀಸುವ ಜನ ಅದನ್ನು ಆಚರಿಸಿದರು. ತಮ್ಮ ಊರೇ ಸುಟ್ಟುಹೋಗಬಹುದೆಂಬ ಭಯವಿದ್ದಾಗಲೂ ಆಚರಿಸಿದರು.

ಚೀನೀ ದೋಣಿಗಳು ಕಾಣಿಸಿಕೊಂಡ ಬಳಿಕ ಜಪಾನೀ ನೌಕೆಗಳೂ ಗುಂಡಿನ ದಾಳಿ ನಿಲ್ಲಿಸಿ ನೀರಿನಲ್ಲಿದ್ದವರನ್ನು ಎತ್ತಿಕೊಳ್ಳತೊಡಗಿದವು. ಈ ಬದಲಾವಣೆಗೆ ಕಾರಣ ಕರುಣೆಯಲ್ಲ, ಸಾಕ್ಷಿಗಳ ಉಪಸ್ಥಿತಿ ಎಂಬುದು ಬದುಕುಳಿದವರಲ್ಲಿ ಬಲವಾಗಿದ್ದ ಅಭಿಪ್ರಾಯ. ಎಲ್ಲರೂ ಹಡಗಿನೊಂದಿಗೆ ಮುಳುಗಿದರೆಂದು ಹೇಳುವ ಅವಕಾಶ ಅಷ್ಟುಹೊತ್ತಿಗೆ ತಪ್ಪಿಹೋಗಿತ್ತು.

ಕೆಲವೇ ದಿನಗಳಲ್ಲಿ ಜಪಾನೀ ಸೈನಿಕರು ದ್ವೀಪಗಳನ್ನು ಶೋಧಿಸಿದರು. ಹಳ್ಳಿಗರ ಮೇಲೆ ಪ್ರತೀಕಾರ ಎರಗಬಾರದೆಂದು ಬಂದಿಗಳು ವಿರೋಧಿಸದೆ ಶರಣಾದರು. 381 ಮಂದಿ ಸೆರೆಗೆ ಮರಳಿದರು. ಮೂವರನ್ನು ಮಾತ್ರ ಚಿಂಗ್‌ಬಾಂಗ್ ದ್ವೀಪದ ಜನ ಕಡಲಂಚಿನ ಗುಹೆಯಲ್ಲಿ ಅಡಗಿಸಿ, ಬಳಿಕ ದೋಣಿಯಲ್ಲಿ ಮುಖ್ಯಭೂಮಿಗೆ ದಾಟಿಸಿದರು. ಅಲ್ಲಿಂದ ಚೀನೀ ಗೆರಿಲ್ಲಾಗಳ ನೆರವಿನಿಂದ ಅವರು ಯುದ್ಧಕಾಲದ ರಾಜಧಾನಿ ಚೊಂಗ್‌ಚಿಂಗ್ ತಲುಪಿದರು. ಅಮೆರಿಕನ್ನರು ಮುಳುಗಿಸಿದ ಹಡಗಿನ ಕೈದಿಗಳನ್ನು ತಾವು ರಕ್ಷಿಸಿದೆವೆಂಬ ಪ್ರಚಾರದಲ್ಲಿ ಜಪಾನೀಯರು ಆಗಲೇ ತೊಡಗಿದ್ದರು. ಮುಚ್ಚಿದ ಹಲಗೆಗಳ ವಿಷಯ ಈ ಮೂವರ ಮೂಲಕವೇ ಹೊರಜಗತ್ತಿಗೆ ತಿಳಿಯಿತು.

ಜಪಾನಿಗೆ ಒಯ್ಯಲ್ಪಟ್ಟವರಲ್ಲಿ ಇನ್ನೂ 200ಕ್ಕೂ ಹೆಚ್ಚು ಮಂದಿ ಯುದ್ಧ ಮುಗಿಯುವ ಮೊದಲೇ ಸತ್ತರು. ಉಳಿದವರ ಹೇಳಿಕೆಗಳು ಯುದ್ಧಾನಂತರ ಹಾಂಗ್‌ಕಾಂಗಿನ ಯುದ್ಧಾಪರಾಧ ನ್ಯಾಯಾಲಯದ ಮುಂದೆ ಬಂದವು. ಹಡಗಿನ ನಾಯಕ ಕ್ಯೋಡಾ ಶಿಗೆರುವಿಗೆ 7 ವರ್ಷ, ದುಭಾಷಿ ನೀಮೊರಿ ಗೆನಿಚಿರೊವಿಗೆ 15 ವರ್ಷಗಳ ಶಿಕ್ಷೆಯಾಯಿತು.

ಸರಕುಕೋಣೆಯ ಬಾಯಿಗೆ ಹೊದಿಸಿದ ಟಾರ್ಪಾಲಿನ್ ಮನುಷ್ಯರನ್ನಷ್ಟೇ ಅಲ್ಲ, ಅವರ ಮಾತನ್ನೂ ಮುಚ್ಚಿತ್ತು. ಆದುದರಿಂದ ಇಲ್ಲಿ ಪಾರಾಗುವಿಕೆಯ ಮೌಲ್ಯವನ್ನು ಎಷ್ಟು ಜನ ಸ್ವತಂತ್ರರಾದರು ಎಂಬ ಲೆಕ್ಕದಿಂದ ಮಾತ್ರ ಅಳೆಯಲಾಗದು. ಸೈನಿಕರ ಹೇಳಿಕೆಗಳು ಮೊದಲೇ ಲಿಖಿತ ದಾಖಲೆಗಳಾದವು. ಮೀನುಗಾರರ ನೆನಪುಗಳು ಬಹುಕಾಲ ದ್ವೀಪಗಳ ಬಾಯಿಮಾತಿನಲ್ಲೇ ಉಳಿದು, ಈಚಿನ ದಶಕಗಳಲ್ಲಿ ಸಂಗ್ರಹಗೊಂಡವು. ಇವೆರಡನ್ನೂ ಒಟ್ಟಿಗಿಟ್ಟು ಓದಿದಾಗ ಮಾತ್ರ ಲಿಸ್ಬನ್ ಮಾರುವಿನ ಚರಿತ್ರೆ ಪೂರ್ಣವಾಗುತ್ತದೆ.