ಕಣಜ, ಕೊಟ್ಟಿಗೆ, ಭಾರಮಾನ

ಧಾನ್ಯವನ್ನು ಕೂಡಿಡುವ ಸ್ಥಳಕ್ಕೆ ನಮ್ಮ ಭಾಷೆಯಲ್ಲಿ ಕಣಜ, ಪಣತ, ಹಗೇವು, ಉಗ್ರಾಣ ಎಂದು ಹಲವು ಹೆಸರುಗಳುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸನ್ನಿಧಾತೃವು ಕಟ್ಟಿಸಬೇಕಾದ ಮನೆಗಳ ಪೈಕಿ ಕೋಷ್ಠಾಗಾರವೂ ಒಂದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಇಂತಹ ಕಟ್ಟಡವು ಎಷ್ಟು ಭಾರವನ್ನು ತಾಳಬೇಕು, ಎಷ್ಟು ಗಾಳಿಯನ್ನು ಎದುರಿಸಬೇಕು ಎಂಬ ಪ್ರಶ್ನೆಗೆ ಅಂಕೆಗಳಿಂದ ಉತ್ತರ ಹೇಳುವ ಪ್ರಯತ್ನವು ಬಹಳ ಈಚಿನದು. ಪ್ರಕೃತ ಲೇಖನದಲ್ಲಿ ಆ ಪ್ರಯತ್ನದ ಚರಿತ್ರೆಯನ್ನೂ, ಅದರೊಳಗೆ ಅಡಗಿರುವ ಒಂದು ತೊಡಕನ್ನೂ ವಿಚಾರಮಾಡಲಾಗಿದೆ.

ನಮ್ಮ ಬಯಲುಸೀಮೆಯ ಹಗೇವಿನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿ ಭೂಮಿಯೇ ಗೋಡೆ. ಧಾನ್ಯದ ಒತ್ತಡವನ್ನು ಸುತ್ತಣ ನೆಲವೇ ಹೊರುತ್ತದೆ. ಕಣಜವು ನೆಲದಿಂದ ಮೇಲೆದ್ದಾಗಲೇ ಶಿಲ್ಪಿಗೆ ಚಿಂತೆ. ೧೭೭೦ರ ಬಂಗಾಳದ ಕ್ಷಾಮದ ತರುವಾಯ ವಾರನ್ ಹೇಸ್ಟಿಂಗ್ಸನ ಆಡಳಿತವು ಪಾಟ್ನಾದಲ್ಲಿ ಕಟ್ಟಿಸಿದ ಗೋಲಘರವು ಇದಕ್ಕೆ ಒಳ್ಳೆಯ ನಿದರ್ಶನ. ಕ್ಯಾಪ್ಟನ್ ಜಾನ್ ಗಾರ್‌ಸ್ಟಿನ್ ಎಂಬಾತನು ೧೭೮೬ರಲ್ಲಿ ಮುಗಿಸಿದ ಈ ಗುಮ್ಮಟದ ಗೋಡೆಯು ಬುಡದಲ್ಲಿ ಸುಮಾರು ಹನ್ನೆರಡು ಅಡಿ ದಪ್ಪ. ಲೆಕ್ಕವಿಲ್ಲದ ಕಡೆ ದಪ್ಪವೇ ಧೈರ್ಯವೆಂದು ಕಟ್ಟಿದಂತೆ ತೋರುತ್ತದೆ. ಬಾಗಿಲುಗಳು ಒಳಮುಖವಾಗಿ ತೆರೆಯುವುವಾದುದರಿಂದ ಅದು ಎಂದೂ ಪೂರ್ತಿ ತುಂಬಲಿಲ್ಲವೆಂಬ ಮಾತು ಲೋಕಪ್ರಸಿದ್ಧ. ತುಂಬದ ಕಣಜದ ಗೋಡೆಯನ್ನು ಪರೀಕ್ಷಿಸಿದವರಾದರೂ ಯಾರು!

ಧಾನ್ಯದ ಒತ್ತಡಕ್ಕೆ ಸೂತ್ರವನ್ನು ಒದಗಿಸಿದವನು ಜರ್ಮನಿಯ ಬ್ರೆಮೆನ್ ನಗರದ ಎಂಜಿನಿಯರ್ ಯಾನ್ಸೆನ್. ಚೌಕಾಕಾರದ ಮಾದರಿ ಕಣಜಗಳಲ್ಲಿ ಧಾನ್ಯವನ್ನು ತುಂಬಿ ತೂಗಿನೋಡಿ, ೧೮೯೫ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ನೀರು ತುಂಬಿದ ಪಾತ್ರೆಯಲ್ಲಿ ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚುತ್ತ ಹೋಗುವುದಷ್ಟೆ, ಧಾನ್ಯದಲ್ಲಿ ಹಾಗಲ್ಲ. ಕಾಳುಗಳು ಗೋಡೆಯನ್ನು ಉಜ್ಜಿ ಹಿಡಿದು ತಮ್ಮ ಭಾರದ ಒಂದು ಪಾಲನ್ನು ಅದಕ್ಕೆ ವಹಿಸುತ್ತವೆ. ಆದುದರಿಂದ ಒಂದು ಆಳವನ್ನು ದಾಟಿದ ಮೇಲೆ ತಳದ ಒತ್ತಡವು ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುತ್ತದೆ, ಗೋಡೆಯು ಮಾತ್ರ ಕಂಬದಂತೆ ಭಾರ ಹೊರಬೇಕಾಗುತ್ತದೆ. ಎತ್ತರವಾದ ಕಣಜಗಳ ಲೆಕ್ಕಾಚಾರಕ್ಕೆ ಇಂದಿಗೂ ಇದೇ ತಳಹದಿ.

ಗೋಡೆಯ ಲೆಕ್ಕ ಸರಿಯಾದರೂ ನೆಲದ ಲೆಕ್ಕ ತಪ್ಪಬಹುದೆಂಬುದನ್ನು ಕೆನಡಾದ ವಿನ್ನಿಪೆಗ್ ಸಮೀಪದ ಟ್ರಾನ್ಸ್‌ಕೋನಾದ ಕಣಜವು ತೋರಿಸಿಕೊಟ್ಟಿತು. ಹತ್ತು ಲಕ್ಷ ಬುಷೆಲ್ ಹಿಡಿಸುವ ಆ ಕಟ್ಟಡವು ೧೯೧೩ನೆಯ ಅಕ್ಟೋಬರ್ ೧೮ರಂದು, ಇನ್ನೂ ಪೂರ್ತಿ ತುಂಬುವ ಮೊದಲೇ, ಕೆಳಗಣ ಜೇಡಿಮಣ್ಣಿನಲ್ಲಿ ಕುಸಿದು, ಒಂದು ದಿನದೊಳಗಾಗಿ ಸುಮಾರು ೨೭ ಡಿಗ್ರಿ ವಾಲಿ ನಿಂತಿತು. ಕಣಜಗಳು ಒಡೆಯಲಿಲ್ಲ, ಅವನ್ನು ಮತ್ತೆ ನೆಟ್ಟಗೆ ಎತ್ತಿ ನಿಲ್ಲಿಸಿ ಉಪಯೋಗಿಸಿದರು. ಯಾರೂ ಸಾಯಲಿಲ್ಲ.

ಈ ಕೊನೆಯ ಮಾತಿನಲ್ಲಿಯೇ ಮುಂದಿನ ಚರಿತ್ರೆಯ ಬೀಜವಿದೆ ಎನ್ನಬಹುದು. ಹೆಚ್ಚು ಜನರಿಲ್ಲದ ಕಟ್ಟಡ ಬಿದ್ದರೆ ನಷ್ಟವಾಗುವುದು ಹಣ ಮಾತ್ರ. ಆದುದರಿಂದ ಅದನ್ನು ಸ್ವಲ್ಪ ಕಡಮೆ ಭಾರಕ್ಕೆ ಕಟ್ಟಿದರೂ ಸಲ್ಲುವುದೆಂಬ ವಾದವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿಯಮಗ್ರಂಥಗಳನ್ನು ಸೇರಿತು. ಕೆನಡಾದ ೧೯೯೫ರ ಕೃಷಿಕಟ್ಟಡ ಸಂಹಿತೆಯು ನಾಲ್ವತ್ತು ಚದರ ಮೀಟರಿಗೆ ಒಬ್ಬನಿಗಿಂತ ಹೆಚ್ಚು ಜನರಿಲ್ಲದ ಕಟ್ಟಡವನ್ನು ಅಲ್ಪಜನವಾಸದ್ದೆಂದು ಕರೆಯಿತು. ಬ್ರಿಟನ್ನಿನ ಬಿ.ಎಸ್. ೫೫೦೨ ಎಂಬ ಸಂಹಿತೆಯು ಇನ್ನೂ ಸೂಕ್ಷ್ಮವಾಗಿ ನಾಲ್ಕು ವರ್ಗಗಳನ್ನು ಮಾಡಿ, ೫೦, ೨೦, ೧೦, ೨ ವರ್ಷಗಳ ಆಯುಷ್ಯವನ್ನು ವಿಧಿಸಿತು. ಕೊಟ್ಟಿಗೆಯಲ್ಲಿ ಆಳು ದಿನಕ್ಕೆ ಎಷ್ಟು ಗಂಟೆ ನಿಲ್ಲುವನೆಂಬುದೂ ಅಲ್ಲಿ ಗಣನೆಗೆ ಬಂತು. ದನಗಳು ಮಾತ್ರ ತಲೆಯೆಣಿಕೆಗೆ ಬರಲಿಲ್ಲ.

ಭಾರತದಲ್ಲಿ ೧೯೪೭ರಲ್ಲಿ ಸ್ಥಾಪಿತವಾದ ಮಾನಕ ಸಂಸ್ಥೆಯು ೧೯೫೭ರಲ್ಲಿ ಐ.ಎಸ್. ೮೭೫ ಎಂಬ ಭಾರಸಂಹಿತೆಯನ್ನು ಹೊರಡಿಸಿತು. ಅದರ ೧೯೮೭ರ ಪರಿಷ್ಕರಣದ ಮೂರನೆಯ ಭಾಗವು ಗಾಳಿಗೆ ಮೀಸಲಾದುದು. ಸಾಮಾನ್ಯ ಕಟ್ಟಡಗಳಿಗೆ ೫೦ ವರ್ಷದ ಆಯುಷ್ಯವನ್ನು ಹಿಡಿದು, ಬಿದ್ದರೆ ಹೆಚ್ಚು ಅಪಾಯವಿಲ್ಲದವಕ್ಕೆ ೨೫ ವರ್ಷವನ್ನು ಹೇಳಿದೆ. ಕಾಡಿನ ನಡುವಣ ಒಂಟಿ ಗೋಪುರಗಳೂ, ವಾಸದ ಮನೆಗಳಲ್ಲದ ಬೇಸಾಯದ ಕಟ್ಟಡಗಳೂ ಈ ಗುಂಪಿನವು. ಬೆಂಗಳೂರಿಗೆ ಮೂಲವೇಗ ಸೆಕೆಂಡಿಗೆ ೩೩ ಮೀಟರು, ಮಂಗಳೂರಿಗೆ ೩೯. ಕೊಟ್ಟಿಗೆಯಾದರೆ ಇವನ್ನು ಕ್ರಮವಾಗಿ ೦.೯೪, ೦.೯೨ರಿಂದ ಗುಣಿಸತಕ್ಕದ್ದು. ಒತ್ತಡವು ವೇಗದ ವರ್ಗವನ್ನು ಅನುಸರಿಸುವುದರಿಂದ ಬೆಂಗಳೂರಿನ ಕೊಟ್ಟಿಗೆಗೆ ನೂರಕ್ಕೆ ಹನ್ನೆರಡರಷ್ಟು, ಮಂಗಳೂರಿನದಕ್ಕೆ ಹದಿನೈದರಷ್ಟು ರಿಯಾಯಿತಿ ದೊರೆಯುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ‘ಐವತ್ತು ವರ್ಷದ ಗಾಳಿ’ ಎಂದರೆ ಐವತ್ತು ವರ್ಷ ಬಾರದ ಗಾಳಿಯೆಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಯಾವುದೇ ಒಂದು ವರ್ಷದಲ್ಲಿ ಅದನ್ನು ಮೀರಿದ ಗಾಳಿ ಬೀಸುವ ಸಂಭವ ಐವತ್ತರಲ್ಲಿ ಒಂದು. ಐವತ್ತು ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಬೀಸುವ ಸಂಭವ ನೂರಕ್ಕೆ ಸುಮಾರು ೬೪. ಇಪ್ಪತ್ತೈದು ವರ್ಷದ ಗಾಳಿಗೆ ಇಪ್ಪತ್ತೈದು ವರ್ಷಗಳಲ್ಲಿಯೂ ಹೆಚ್ಚುಕಡಿಮೆ ಇದೇ ಲೆಕ್ಕ. ಆದರೆ ಇಪ್ಪತ್ತೈದು ತುಂಬಿತೆಂದು ಕೊಟ್ಟಿಗೆಯನ್ನು ಕೆಡವುವ ರೈತನನ್ನು ಯಾರು ಕಂಡಿದ್ದಾರೆ? ಅದು ಮಗನ ಕಾಲಕ್ಕೂ ನಿಲ್ಲುತ್ತದೆ. ಐವತ್ತು ವರ್ಷ ನಿಂತರೆ ಆ ಸಂಭವ ನೂರಕ್ಕೆ ೮೭ ಆಗುತ್ತದೆ. ಮೀರಿದ ಮಾತ್ರಕ್ಕೆ ಕಟ್ಟಡ ಬೀಳುವುದೆಂದಲ್ಲ. ಸಾಮಗ್ರಿಯ ಲೆಕ್ಕದಲ್ಲಿ ಬೇರೆ ಭದ್ರತೆಯುಂಟು. ಆದರೂ ರಿಯಾಯಿತಿ ಕೊಟ್ಟ ಆಯುಷ್ಯವೂ ಕಟ್ಟಡ ಬಾಳುವ ಆಯುಷ್ಯವೂ ಒಂದೇ ಅಲ್ಲವೆಂಬುದನ್ನು ಮರೆಯಲಾಗದು.

ಇನ್ನು ‘ವಾಸದ ಮನೆಗಳಲ್ಲದ’ ಎಂಬ ವಿಶೇಷಣ. ಹೊಲದ ನಡುವೆ ಮನೆಯಿಂದ ದೂರ ನಿಲ್ಲುವ ಪಾಶ್ಚಾತ್ಯ ಕೊಟ್ಟಿಗೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಬಯಲುಸೀಮೆಯ ಹಳೆಯ ಮನೆಯಲ್ಲಾದರೋ ತಲೆಬಾಗಿಲನ್ನು ದಾಟಿದೊಡನೆ ಗೋದಲಿ, ಅದಕ್ಕೆ ಹೊಂದಿ ಒಂದು ಮೆಟ್ಟಿಲು ಮೇಲೆ ಮನೆಯವರು ಮಲಗುವ ಕಟ್ಟೆ; ಎರಡರ ಮೇಲೂ ಒಂದೇ ಮಾಳಿಗೆ. ರಾಮನಗರ, ಕೋಲಾರದ ಕಡೆಯ ರೇಷ್ಮೆಹುಳುವಿನ ಮನೆಗಳನ್ನು ನೋಡಿದರೆ ತೊಡಕು ಇನ್ನೂ ಸ್ಪಷ್ಟವಾದೀತು. ಬೆಳೆಯಿಲ್ಲದ ದಿನಗಳಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಹುಳು ನಾಲ್ಕನೆಯ ಜ್ವರವನ್ನು ದಾಟಿ ಹಣ್ಣಾಗುವ ದಿನಗಳಲ್ಲಿ ಸೊಪ್ಪು ಹಾಕುವುದಕ್ಕೂ ಚಂದ್ರಿಕೆಗೆ ಬಿಡುವುದಕ್ಕೂ ಮನೆಮಂದಿಯೆಲ್ಲ ರಾತ್ರಿಹಗಲು ಒಳಗೇ ಇರುತ್ತಾರೆ. ಆ ಬೆಳೆಯು ಏಪ್ರಿಲ್–ಮೇ ತಿಂಗಳಿನದಾದರೆ ಮುಂಗಾರಿಗೆ ಮುಂಚಿನ ಬಿರುಗಾಳಿಯೂ ಆಗಲೇ ಏಳುತ್ತದೆ. ವರ್ಷದ ಸರಾಸರಿಯಿಂದ ಅಳೆದರೆ ಇದು ಅಲ್ಪಜನವಾಸವೇ ಸರಿ. ಗಾಳಿ ಬೀಸುವ ರಾತ್ರಿಯಲ್ಲಿ ಅಳೆದರೆ ಮನೆಯ ಎಲ್ಲರೂ ಅದರೊಳಗಿರುತ್ತಾರೆ.