ಒಂದಕ್ಕೆ ಹನ್ನೆರಡು

ನನ್ನ ತರಗತಿಯಲ್ಲಿ ಕುಳಿತವರಿಗೆ ಅನುಪಾತವೆಂದೊಡನೆ ಕೂಲಿಯಾಳುಗಳ ಲೆಕ್ಕವೋ ಬೆಲ್ಲದ ದರವೋ ನೆನಪಾಗಬಹುದು. ಅದೇ ಅನುಪಾತಕ್ಕೆ ನಮ್ಮ ಸೀಮೆಯೊಡನೆ ಇರುವ ಹಳೆಯ ನಂಟನ್ನೂ, ಇಂದು ಶಾಲೆಯ ಬಾಗಿಲಲ್ಲಿ ಅದು ಮಾಡಬೇಕಾದ ಕೆಲಸವನ್ನೂ ಕುರಿತು ಬರೆಯಬೇಕೆನಿಸಿತು.

ಶಿಗ್ಗಾವಿ ತಾಲೂಕಿನ ಬಂಕಾಪುರವು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಾಮಂತನಾಗಿ ಬನವಾಸಿ ನಾಡನ್ನಾಳಿದ ಬಂಕೆಯನ ಹೆಸರು ಹೊತ್ತ ಊರು. ಅದೇ ನೃಪತುಂಗನನ್ನು ಸ್ತುತಿಸಿ, ಜೈನ ಪಂಡಿತ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲಿ ತ್ರೈರಾಶಿಕಕ್ಕೆ ಒಂದು ಅಧ್ಯಾಯವಿದೆ; ಕೊನೆಯ ಅಧ್ಯಾಯ ನೆರಳಿನ ಲೆಕ್ಕದ್ದು. ನೆಟ್ಟ ಶಂಕುವಿನ ಎತ್ತರ ಮತ್ತು ಅದರ ನೆರಳಿನ ಉದ್ದ, ಇವುಗಳ ಅನುಪಾತ ತಿಳಿದರೆ ಏರಲಾಗದ ಕಂಬದ ಎತ್ತರವನ್ನೂ ನೆಲದಲ್ಲಿ ನಿಂತೇ ಹೇಳಬಹುದು. ಶಂಕುವಿನ ತುದಿಯಿಂದ ನೆರಳಿನ ತುದಿಗೆ ಒಂದು ಹಲಗೆಯನ್ನು ಚಾಚಿದಂತೆ ಊಹಿಸಿಕೊಳ್ಳಿ. ಅದೇ ಇಳಿಜಾರು, ಇಂದಿನ ಮಾತಿನಲ್ಲಿ ರ‍್ಯಾಂಪು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದು ಇಂಥ ಲೆಕ್ಕಗಳನ್ನು ನಮ್ಮ ನುಡಿಗೆ ತಂದನು.

ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಎಂಬ ಮಿತಿ ಬಂದುದು ತೀರ ಈಚೆಗೆ. ಇಲಿನಾಯ್ ವಿಶ್ವವಿದ್ಯಾಲಯದ ತಿಮೊಥಿ ನುಜೆಂಟ್ ಅವರು ಮುಂದಾಳಾಗಿ ರೂಪಿಸಿದ, 1961ರಲ್ಲಿ ಪ್ರಕಟವಾದ ಅಮೆರಿಕದ ಮಾನಕವು, ಒಂದು ಅಡಿ ಏರಲು ನೆಲದ ಮೇಲೆ ಹನ್ನೆರಡು ಅಡಿಯಾದರೂ ಬೇಕೆಂದು ವಿಧಿಸಿತು. (ನಮ್ಮ ಸಿದ್ಧಾಂತ ಗ್ರಂಥಗಳ ಶಂಕುವೂ ಹನ್ನೆರಡು ಅಂಗುಲದ್ದೇ. ಇದು ಕಾಕತಾಳೀಯ, ಹೆಚ್ಚು ಹಿಗ್ಗಬೇಕಾಗಿಲ್ಲ.) ಅಡಿ-ಇಂಚುಗಳಲ್ಲಿಯೇ ಅಳೆಯುವ ನಮ್ಮ ಗೌಂಡಿಗಳಿಗೆ ಇದು ಬಾಯಿಲೆಕ್ಕ: ಎಷ್ಟು ಇಂಚು ಎತ್ತರವೋ ಅಷ್ಟು ಅಡಿ ಉದ್ದ.

ಶಾಲೆಯ ಪಡಸಾಲೆಗೆ ಆರಾರು ಇಂಚಿನ ಮೂರು ಪಾವಟಿಗೆಗಳಿವೆ ಎನ್ನೋಣ. ಎತ್ತರ 18 ಇಂಚು. ಇಳಿಜಾರಿಗೆ 18 ಅಡಿ ನೆಲ ಬೇಕು. ಇಳಿಜಾರಿನ ಮೈಯುದ್ದವನ್ನು ಪೈಥಾಗೊರಸನ ಪ್ರಮೇಯದಿಂದ ತೆಗೆದರೆ 18 ಅಡಿಗಿಂತ ಮುಕ್ಕಾಲು ಇಂಚಿನಷ್ಟೇ ಹೆಚ್ಚು. ಆದುದರಿಂದ ಕೆಲಸದ ಸ್ಥಳದಲ್ಲಿ ವರ್ಗಮೂಲದ ಗೊಡವೆ ಬೇಡ. ಈಗ ಆ ಪಾವಟಿಗೆಗಳ ಮೇಲೆಯೇ ಕಾಂಕ್ರೀಟು ಸುರಿದರೆ ಏನಾದೀತು? ಒಂದೊಂದು ಪಾವಟಿಗೆ ಒಂದಡಿ ಅಗಲವಿದ್ದರೆ ಒಟ್ಟು ಮೂರೇ ಅಡಿ, ಎಂದರೆ ಒಂದಕ್ಕೆ ಎರಡು. ಆರು ಪಟ್ಟು ಕಡಿದು. ಅದನ್ನು ಏರಿಸಲು ಇಬ್ಬರು ತಳ್ಳಬೇಕು. ಇಳಿಸುವುದು ಇನ್ನೂ ಅಪಾಯಕರ. ಇಂಥ ರ‍್ಯಾಂಪುಗಳನ್ನು ನಾನು ನೋಡಿದ್ದೇನೆ. ವರದಿಯ ಅಂಕಣದಲ್ಲಿ ‘ಇದೆ’ ಎಂದು ತುಂಬಲು ಅವು ಸಾಕು, ಪೋಲಿಯೋ ತಗುಲಿದ ಹುಡುಗನಿಗೆ ಸಾಲವು. ಅವನನ್ನು ಗೆಳೆಯರೇ ಹೊತ್ತು ಒಳಗೆ ತರುತ್ತಿದ್ದರು. ಅವರ ಒಲವು ದೊಡ್ಡದು, ನಿಜ. ಆದರೆ ದಿನವೂ ಇನ್ನೊಬ್ಬರ ಹೆಗಲನ್ನು ಕಾಯುವುದು ಹದಿಮೂರು ವರ್ಷದವನಿಗೆ ಸುಲಭವಲ್ಲ.

ಕಾನೂನಿನ ಬಲಕ್ಕೆ ಕೊರತೆಯಿಲ್ಲ. 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲಾ ಕಟ್ಟಡಕ್ಕೆ ಅಡೆತಡೆಯಿಲ್ಲದ ಪ್ರವೇಶ ಬೇಕೆನ್ನುತ್ತದೆ. 2016ರ ಕಾಯ್ದೆ ಹಿಂದಿನದನ್ನು ಇನ್ನಷ್ಟು ಬಿಗಿಗೊಳಿಸಿತು. ಮತಗಟ್ಟೆಗಳಿಗೂ ರ‍್ಯಾಂಪು ಬೇಕೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಸೂಚಿಸಿತು. ನಮ್ಮಲ್ಲಿ ಮತಗಟ್ಟೆಯೆಂದರೆ ಬಹುಪಾಲು ಸರಕಾರಿ ಶಾಲೆಯೇ. ಹಿರೇಕೆರೂರಿನಲ್ಲಿ 2019ರಲ್ಲಿ, ಹಾನಗಲ್ಲಿನಲ್ಲಿ 2021ರಲ್ಲಿ, ಸವಣೂರನ್ನೂ ಒಳಗೊಂಡ ಶಿಗ್ಗಾವಿ ಕ್ಷೇತ್ರದಲ್ಲಿ 2024ರಲ್ಲಿ ಉಪಚುನಾವಣೆಗಳು ನಡೆದವು. ಮತದಾರನಿಗೆ ಆ ಇಳಿಜಾರು ಬೇಕಾದುದು ಒಂದು ದಿನ, ವಿದ್ಯಾರ್ಥಿಗೆ ವರ್ಷವಿಡೀ.

ಅಂಗಳದಲ್ಲಿ 18 ಅಡಿ ನೇರವಾಗಿ ಸಿಗದಿದ್ದರೆ ಗೋಡೆಯ ಗುಂಟ ಕಟ್ಟಬಹುದು, ಇಲ್ಲವೆ ನಡುವೆ ಐದಡಿ ಸಮತಟ್ಟು ಬಿಟ್ಟು ತಿರುಗಿಸಬಹುದು. ಆ ಸಮತಟ್ಟನ್ನು ಮಾತ್ರ 18 ಅಡಿಯಲ್ಲಿ ಎಣಿಸಬಾರದು. ನಿಮ್ಮಲ್ಲಿ ಕೆಲವರು ಈಗ ಎಸ್‌ಡಿಎಂಸಿ ಸದಸ್ಯರಾಗಿದ್ದೀರಿ, ಇಬ್ಬರು ಗುತ್ತಿಗೆದಾರರೂ ಇದ್ದೀರಿ. ಮುಂದಿನ ಸಲ ಶಾಲೆಗೆ ಹೋದಾಗ ಟೇಪು ಹಿಡಿದು ನೆಲದುದ್ದವನ್ನು ಎತ್ತರದಿಂದ ಭಾಗಿಸಿರಿ. ಭಾಗಲಬ್ಧ ಎಷ್ಟು ಬಂತೆಂದು ನನಗೆ ಬರೆದು ತಿಳಿಸಿರಿ.